ಅಬಿತಾನೊ ಅಲ್ಲ, ಆಬಿತನೊ

ಆನೆಗೊಂದಿಯ ನಮ್ಮ ಮನೆಯಲ್ಲಿ ಎರಡು ಕೋಣೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇವೆ. ಕಳೆದ ಚಳಿಗಾಲ ಇಟಲಿಯ ಅಜ್ಜಿಯೊಬ್ಬರು ಹತ್ತು ದಿನ ಇದ್ದರು. ಮೊದಲ ದಿನವೇ ಗದ್ದೆ ಆಚೆಗಿನ ಮನೆಗಳನ್ನು ತೋರಿಸಿ, ಇಲ್ಲಿ ರೈತರು ವಾಸ ಮಾಡ್ತಾರೆ ಅಂತ ಅವರ ಭಾಷೆಯಲ್ಲೇ ಹೇಳಿದೆ: 'ಕ್ವಿ ಅಬಿತಾನೊ ಇ ಕೊಂತಾದೀನಿ.'

'ನೊನ್ ಒ ಕಪೀತೊ' ಅಂದರು ಅಜ್ಜಿ. ಅರ್ಥ ಆಗಲಿಲ್ಲ ಅಂತ.

ಪದ ಸರಿ ಇತ್ತು, ಒತ್ತು ಬೇರೆ ಕಡೆ ಬಿದ್ದಿತ್ತು. ಅದು ಆ-ಬಿ-ತ-ನೊ. ಮೊದಲ ಅಕ್ಷರ ಗಟ್ಟಿ, ಉಳಿದ ಮೂರು ಹಗುರ. ನನ್ನ ನಾಲಿಗೆ ಯಾಕೆ 'ತಾ'ಕ್ಕೆ ಹೋಯಿತು ಅಂತ ರಾತ್ರಿಯೆಲ್ಲ ಯೋಚಿಸಿದೆ. ಮಾಡುತ್ತಾರೆ, ಹೋಗುತ್ತಾರೆ, ಇರುತ್ತಾರೆ. 'ಅವರು' ಅಂದರೆ ನಮಗೆ ಕೊನೆಗಿಂತ ಒಂದಕ್ಷರ ಮೊದಲು ದೀರ್ಘ ಬರಬೇಕು, ಅಲ್ವಾ? ಇಟಾಲಿಯನ್ನಲ್ಲಿ ಹಾಗಿಲ್ಲ. 'ಆಬಿತ' ಅಂದರೆ ವಾಸಿಸುತ್ತಾನೆ. ಅದಕ್ಕೆ 'ನೊ' ಸೇರಿದರೆ ವಾಸಿಸುತ್ತಾರೆ. 'ನೊ' ಸುಮ್ನೆ ಬಂದು ಹಿಂದೆ ನಿಲ್ಲುತ್ತದೆ, ಒತ್ತು ಕದಲುವುದಿಲ್ಲ. ತೆಲೇಫೊನ, ತೆಲೇಫೊನನೊ ಕೂಡ ಹಾಗೇ. 'ನಾವು', 'ನೀವು' ಅಂದಾಗ ಮಾತ್ರ ಒತ್ತು ಮುಂದಕ್ಕೆ ಜರುಗುತ್ತದೆ: ಅಬಿತ್ಯಾಮೊ, ಅಬಿತಾತೆ.

ಬರೆದದ್ದು ನೋಡಿ ಇದನ್ನು ಕಂಡುಹಿಡಿಯಲು ಆಗದು. ಕೊನೆಯ ಸ್ವರಕ್ಕೆ ಒತ್ತು ಬಿದ್ದರೆ ಅದರ ಮೇಲೊಂದು ಗೀಟು ಹಾಕುತ್ತಾರೆ. ಪರ್ಲೊ ಅಂದರೆ ಮಾತಾಡುತ್ತೇನೆ, ಕೊನೆಯ 'ಒ' ಮೇಲೆ ಗೀಟು ಬಂದರೆ ಅವನು ಮಾತಾಡಿದ. ಬೇರೆ ಕಡೆಯ ಒತ್ತಿಗೆ ಸಾಮಾನ್ಯವಾಗಿ ಗುರುತಿಲ್ಲ, ಕಿವಿಯೇ ಗತಿ.

ಮರುದಿನ ಅಜ್ಜಿ ಚಮಚದಿಂದ ತಟ್ಟೆ ಬಡಿದು ಅಕ್ಷರ ಬಿಡಿಸಿದರು. ಮಾತಾಡುತ್ತಾರೆ ಅನ್ನೋದು ಪರ್-ಲ-ನೊ. ನಾವು ಪ-ರ್ಲ-ನೊ ಅಂತ ಬರೆಯುತ್ತೇವೆ. ಆದರೆ ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಾಯಿತು: ಒತ್ತಕ್ಷರದ ಹಿಂದಿನದು ಗುರು. ಆ 'ರ್' ಹಿಂದಕ್ಕೆ ಅಂಟುವುದರಿಂದಲೇ ಅದು ಗುರು! ಇಷ್ಟು ವರ್ಷ ಬಾಯಿಪಾಠ ಮಾಡಿದ್ದ ನಿಯಮದ ಕಾರಣ ಅಡುಗೆಮನೆಯಲ್ಲಿ ತಿಳಿಯಿತು. ಓದು ಅನ್ನೋದಕ್ಕೆ ಲೆಜ್-ಜೆ-ರೆ, ಅದೂ ಹಾಗೇ. 'ಸ್' ಮಾತ್ರ ಬೇರೆ. ಉಳಿಯುತ್ತಾರೆ ಅನ್ನೋದನ್ನು ರೆ-ಸ್ತ-ನೊ ಅಂತ ಬಿಡಿಸುತ್ತಾರೆ, ನಮ್ಮ ಬರವಣಿಗೆಯ ಹಾಗೆಯೇ.

ಹೊರಡುವಾಗ ಅಜ್ಜಿ ಅವ್ವನ ಕೈ ಹಿಡಿದು 'ಹೋಗಿ ಬರ್ತೀನಿ' ಅಂದರು. 'ತೀ' ಎಷ್ಟು ಚೆನ್ನಾಗಿ ಎಳೆದರು! ಅವರ ಭಾಷೆಯ ಹೆಚ್ಚಿನ ಪದಗಳಲ್ಲಿ ಒತ್ತು ಬೀಳುವ ಜಾಗವೂ ಅದೇ.