ರೇಡಿಯಂ ಜಾಕೆಟ್‌ಗೊಂದು ನಂಬರ್: ಮಳೆಗಾಲದವರೆಗೆ ಎಲ್ಲಿಗೆ ಬಂತು

ಹುಬ್ಬಳ್ಳಿ ಹೊರವಲಯದ ಒಂದು ರಸ್ತೆ ಕೆಲಸದಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ಸಿಮೆಂಟು, ಡೀಸೆಲ್, ಬೋಲ್ಟು ಎಲ್ಲಕ್ಕೂ ರಿಜಿಸ್ಟರ್ ಇದೆ. ರೇಡಿಯಂ ಜಾಕೆಟ್‌ಗೆ ಮಾತ್ರ ‘ಇಷ್ಟು ಕೊಟ್ಟಿದೆ’ ಎಂಬ ಒಂದೇ ಸಾಲು. ಕೊಟ್ಟ ಮೇಲೆ ಅದು ಏನಾಯಿತು, ಎಷ್ಟು ಸಲ ಒಗೆದರು, ಪಟ್ಟಿ ಇನ್ನೂ ಹೊಳೆಯುತ್ತದಾ, ಇದ್ಯಾವುದೂ ಎಲ್ಲೂ ಬರೆದಿರಲಿಲ್ಲ. ಡ್ಯೂಟಿ ಮುಗಿದ ಮೇಲೆ ನಾನು ಕೈಗೆತ್ತಿಕೊಂಡ ಕೆಲಸ ಇದೇ. ಪ್ರತಿ ಜಾಕೆಟ್‌ಗೂ ಒಂದು ನಂಬರ್ ಬೇಕು. ಆ ನಂಬರ್ ಹಿಡಿದರೆ ಅದರ ಪೂರ್ತಿ ಕಥೆ ಸಿಗಬೇಕು. ಮತ್ತು ರಾತ್ರಿ ಟಿಪ್ಪರ್ ಚಾಲಕನಿಗೆ ಅದು ಹೇಗೆ ಕಾಣುತ್ತದೋ ಹಾಗೆಯೇ ಪರೀಕ್ಷೆ ಮಾಡಬೇಕು. ಹಗಲಲ್ಲಿ ಸ್ಟೋರ್ ಬಾಗಿಲಲ್ಲಿ ನಿಂತು ನೋಡಿ ‘ಚೆನ್ನಾಗಿದೆ’ ಅಂದರೆ ಅದು ಪರೀಕ್ಷೆಯೇ ಅಲ್ಲ.

ಏಪ್ರಿಲ್: ಟ್ಯಾಗ್

ಟ್ಯಾಗ್ ಕೆಲಸ ಬೇಗ ಮುಗಿಯಿತು. ಸ್ಟಿಕ್ಕರ್, ಲ್ಯಾಮಿನೇಷನ್ ಯಾವುದೂ ಒಗೆತಕ್ಕೆ ತಡೆಯುವುದಿಲ್ಲ. ಬಿಳಿ ಹತ್ತಿ ರಿಬ್ಬನ್ ಮೇಲೆ ಅಳಿಯದ ಮಸಿಯಲ್ಲಿ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ, ಜಾಕೆಟ್‌ನ ಒಳಗಡೆ, ಎಡಗಡೆ ಅಂಚಿಗೆ ಹೊಲಿಸಿದೆ. ಹೊರಗೆ, ಅದರಲ್ಲೂ ಹೊಳೆಯುವ ಪಟ್ಟಿಯ ಮೇಲೆ, ಏನನ್ನೂ ಹೊಲಿಯಬಾರದು. ಅಷ್ಟು ಜಾಗದ ಹೊಳಪು ಹೋಗುತ್ತದೆ.

ಕೋಡ್ ಒಳಗೆ ನಾಲ್ಕಂಕಿಯ ನಂಬರ್ ಮಾತ್ರ ಇಟ್ಟಿದ್ದೇನೆ. ಉಳಿದ ಮಾಹಿತಿ ಎಲ್ಲ ಮೊಬೈಲ್‌ನ ಹಾಳೆಯಲ್ಲಿದೆ. ಇದಕ್ಕೆ ಕಾರಣ ಇದೆ. ಮಾಹಿತಿ ಕಡಿಮೆ ಇದ್ದರೆ ಅತಿ ಚಿಕ್ಕ ಕ್ಯೂಆರ್, ಅಂದರೆ 21 ಸಾಲು 21 ಚೌಕದ್ದು, ಸಾಕಾಗುತ್ತದೆ. ಆಗ ಒಂದೊಂದು ಚೌಕವೂ ದೊಡ್ಡದಾಗಿ ಬರುತ್ತದೆ. ಜೊತೆಗೆ ತಪ್ಪು ಸರಿಪಡಿಸುವ ಮಟ್ಟವನ್ನು ‘ಎಚ್’ಗೆ ಇಟ್ಟರೆ ಸುಮಾರು 30 ಪ್ರತಿಶತ ಹಾಳಾದರೂ ಕೋಡ್ ಓದಬಹುದು. ಡಾಂಬರು, ಗರಸಿನ ಧೂಳು ಮೆತ್ತಿದ ಟ್ಯಾಗ್‌ಗೆ ಈ ಅನುಕೂಲ ಬೇಕೇ ಬೇಕು. ಕೋಡ್ ಕೆಳಗೆ ಅದೇ ನಂಬರನ್ನು ದಪ್ಪಗೆ ಬರೆಸಿದ್ದೇನೆ. ಮೊಬೈಲ್ ಇಲ್ಲದ ಮೇಸ್ತ್ರಿ ಕೂಡ ಓದಿ ಹೇಳಬಹುದು.

ಮೇ: ಹೊಳಪು ಅಳೆಯುವುದು

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಇದು.

ಜಾಕೆಟ್‌ನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಹಗಲಿಗೆ ಕೆಲಸ ಮಾಡುವುದು ಬಟ್ಟೆ. ಅದರ ಬಣ್ಣ ಬಿಸಿಲಿನ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ, ಕಾಣುವ ಬೆಳಕಾಗಿ ಹೊರಗೆ ಬಿಡುತ್ತದೆ. ಅದಕ್ಕೇ ಮೋಡ ಕವಿದಾಗಲೂ ಸಂಜೆಯಲ್ಲೂ ಎದ್ದು ಕಾಣುವುದು. ರಾತ್ರಿ ಈ ಬಣ್ಣ ಉಪಯೋಗಕ್ಕೆ ಬರುವುದಿಲ್ಲ. ಆಗ ಕೆಲಸ ಮಾಡುವುದು ಬೂದು ಪಟ್ಟಿ. ಅದರಲ್ಲಿ ಸಣ್ಣ ಸಣ್ಣ ಗಾಜಿನ ಮಣಿಗಳಿರುತ್ತವೆ, ಮಣಿಗಳ ಹಿಂದೆ ಅಲ್ಯೂಮಿನಿಯಂ ಲೇಪ ಇರುತ್ತದೆ. ಬಂದ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಹಾಗಾಗಿ ಹೊಳಪು ಕಾಣುವುದು ಬೆಳಕಿನ ಪಕ್ಕದಲ್ಲೇ ಇರುವ ಕಣ್ಣಿಗೆ ಮಾತ್ರ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದು ನೋಡಿದರೆ ಒಳ್ಳೆಯ ಪಟ್ಟಿಯೂ ಮಂಕಾಗಿ ಕಾಣುತ್ತದೆ. ಕಿವಿಯ ಪಕ್ಕ ಹಿಡಿಯಬೇಕು.

ಐಎಸ್‌ಒ 20471 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಹೊಸ ಪಟ್ಟಿಯ ಹೊಳಪು, ಅಂದರೆ ಬಿದ್ದ ಬೆಳಕಿಗೆ ಎಷ್ಟು ವಾಪಸ್ ಬರುತ್ತದೆ ಎಂಬ ಅಳತೆ, ಕನಿಷ್ಠ 330 (ಪ್ರತಿ ಲಕ್ಸ್‌ಗೆ, ಪ್ರತಿ ಚದರ ಮೀಟರ್‌ಗೆ ಕ್ಯಾಂಡೆಲಾ) ಇರಬೇಕು. ಈ ಅಳತೆ ಬೆಳಕಿಗೂ ಕಣ್ಣಿಗೂ ನಡುವೆ 12 ಮಿನಿಟ್ ಕೋನ, ಅಂದರೆ 0.2 ಡಿಗ್ರಿ ಇದ್ದಾಗಿನದು. ಲ್ಯಾಬ್‌ನಲ್ಲಿ ಉಜ್ಜಿ, ಮಡಚಿ, ಒಗೆದ ಮೇಲೂ 100 ಉಳಿಯಬೇಕು. ಆ 100ನ್ನೇ ನಾನು ನಮ್ಮ ಸೈಟಿನ ಗೆರೆಯಾಗಿ ಇಟ್ಟುಕೊಂಡೆ. ಆದರೆ ಅಳೆಯುವ ಯಂತ್ರ ದುಬಾರಿ. ಮೊಬೈಲ್‌ನಲ್ಲಿ ಫ್ಲ್ಯಾಶ್ ಮತ್ತು ಲೆನ್ಸ್ ಪಕ್ಕಪಕ್ಕದಲ್ಲೇ ಇರುತ್ತವಲ್ವಾ? ನನ್ನ ಮೊಬೈಲ್‌ನಲ್ಲಿ ಅವುಗಳ ನಡುವೆ 15 ಮಿಲಿಮೀಟರ್ ಇದೆ. ಲೆಕ್ಕ ಹಾಕಿದರೆ 4.3 ಮೀಟರ್ ದೂರದಲ್ಲಿ ನಿಂತಾಗ ಸರಿಯಾಗಿ 0.2 ಡಿಗ್ರಿ ಆಗುತ್ತದೆ. ಸ್ಟೋರ್ ನೆಲದ ಮೇಲೆ ಅಷ್ಟು ದೂರಕ್ಕೆ ಬಿಳಿ ಗೆರೆ ಎಳೆದೆ.

ಇನ್ನು ಹೋಲಿಸಲು ಒಂದು ಕಾರ್ಡ್ ಬೇಕಿತ್ತು. ಕಪ್ಪು ಬಳಿದ ಹಲಗೆಯ ಮೇಲೆ ಎರಡು ತುಂಡು ಹೊಸ ಪಟ್ಟಿ ಅಂಟಿಸಿದೆ. ಒಂದನ್ನು ಹಾಗೇ ಬಿಟ್ಟೆ. ಇನ್ನೊಂದರ ಮೇಲೆ ಕಾರಿನ ಗಾಜಿಗೆ ಹಾಕುವ 50 ಪ್ರತಿಶತದ ಸನ್ ಫಿಲ್ಮ್ ಅಂಟಿಸಿದೆ. ಬೆಳಕು ಫಿಲ್ಮ್ ದಾಟಿ ಒಳಗೆ ಹೋಗುವಾಗ ಅರ್ಧ ಆಗುತ್ತದೆ, ವಾಪಸ್ ಬರುವಾಗ ಮತ್ತೆ ಅರ್ಧ. ಒಟ್ಟು ಉಳಿಯುವುದು ಕಾಲು ಭಾಗ. ನಾನು ತಂದ ಹೊಳೆಯುವ ಪಟ್ಟಿಯ ಜೊತೆ ಬಂದ ಮಾಹಿತಿ ಹಾಳೆಯಲ್ಲಿ ಹೊಳಪು 420 ಎಂದು ಇದೆ. ಅದರ ಕಾಲು ಭಾಗ 105. ನಮಗೆ ಬೇಕಾದ ಗೆರೆಗೆ ಹೆಚ್ಚುಕಡಿಮೆ ಸರಿಯಾಯಿತು. ಲೈಟ್ ಆರಿಸಿ, ಜಾಕೆಟನ್ನು ಕಾರ್ಡಿನ ಪಕ್ಕ ತೂಗುಹಾಕಿ, ಬಿಳಿ ಗೆರೆಯ ಮೇಲೆ ನಿಂತು ಫ್ಲ್ಯಾಶ್ ಹಾಕಿ ಮೊಬೈಲ್ ತೆರೆಯಲ್ಲಿ ನೋಡುವುದು. ಫಿಲ್ಮ್ ಹಾಕಿದ ತುಂಡಿಗಿಂತ ಜಾಕೆಟ್ ಮಂಕಾಗಿದ್ದರೆ ಅದು ಕೆಲಸಕ್ಕಿಲ್ಲ. ಬರೀ ಕಣ್ಣಂದಾಜು ಸಾಲದು ಅನ್ನಿಸಿದಾಗ ಫೋಟೋ ತೆಗೆದು ಅಂಕಿ ನೋಡುತ್ತೇನೆ. ಆಗ ಕ್ಯಾಮೆರಾ ರಾ ಮೋಡ್‌ನಲ್ಲಿ, ಅಂದರೆ ಫೋಟೋವನ್ನು ತಿದ್ದದೆ ಹಾಗೇ ಉಳಿಸುವ ಮೋಡ್‌ನಲ್ಲಿ, ಇರಬೇಕು. ಸಾಮಾನ್ಯ ಜೆಪಿಜಿ ಫೋಟೋದ ಅಂಕಿ ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಏರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲಾರಿ, ಟಿಪ್ಪರ್ ಚಾಲಕನ ಕಣ್ಣು ಹೆಡ್‌ಲೈಟ್‌ಗಿಂತ ತುಂಬಾ ಮೇಲೆ ಇರುತ್ತದೆ. ಅಂದರೆ ಕೋನ ದೊಡ್ಡದು. ಅದೇ ದೂರದಲ್ಲಿ, ಅದೇ ಪಟ್ಟಿ, ಕಾರಿನವನಿಗೆ ಕಂಡಷ್ಟು ಲಾರಿಯವನಿಗೆ ಹೊಳೆಯುವುದಿಲ್ಲ. ನಮ್ಮ ಬೈಪಾಸ್‌ನಲ್ಲಿ ರಾತ್ರಿ ಓಡಾಡುವುದು ಹೆಚ್ಚಾಗಿ ಲಾರಿಗಳೇ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಚಾಲಕ ನೋಡಿ, ಬ್ರೇಕ್ ಒತ್ತುವಷ್ಟರಲ್ಲೇ ಎಷ್ಟು ದೂರ ಬಂದುಬಿಡುತ್ತಾನೆ ಯೋಚಿಸಿ. ಹಾಗಾಗಿ ಗೆರೆಯ ಹತ್ತಿರ ಹತ್ತಿರ ಇರುವ ಜಾಕೆಟನ್ನೂ ನಾನು ರಾತ್ರಿ ಪಾಳಿಗೆ ಕೊಡುವುದಿಲ್ಲ.

ಹೊಸದಾಗಿ ತಂದ ಮಾಲಿನಲ್ಲೂ ಒಂದು ಕಟ್ಟು ವಾಪಸ್ ಕಳಿಸಬೇಕಾಯಿತು. ಅದರ ಪಟ್ಟಿ 25 ಮಿಲಿಮೀಟರ್ ಮಾತ್ರ ಇತ್ತು. ಮಾನಕ ಕೇಳುವುದು ಕನಿಷ್ಠ 50. ಮಾನಕದ ಮೂರು ದರ್ಜೆಗಳಲ್ಲಿ ಎರಡನೆಯದಕ್ಕೆ ಎದ್ದು ಕಾಣುವ ಬಣ್ಣದ ಬಟ್ಟೆ ಕನಿಷ್ಠ 0.50 ಚದರ ಮೀಟರ್, ಪಟ್ಟಿ 0.13 ಚದರ ಮೀಟರ್ ಇರಬೇಕು. ಟೇಪು ಹಿಡಿದು ಅಳೆದರೆ ಐದು ನಿಮಿಷದ ಕೆಲಸ.

ಬಣ್ಣ

ಹುಬ್ಬಳ್ಳಿಯವರಿಗೆ ಬಟ್ಟೆಯ ಬಣ್ಣ ಪರೀಕ್ಷಿಸುವುದು ಹೊಸದಲ್ಲ. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅದಕ್ಕೆ ಐಎಸ್ 1 ಎಂಬ ಮಾನಕ. ನೂಲು, ಅಳತೆ, ಬಣ್ಣ ಯಾವುದರಲ್ಲೂ ರಿಯಾಯಿತಿ ಇಲ್ಲ. ಎದ್ದು ಕಾಣುವ ಜಾಕೆಟ್‌ಗೂ ನಮ್ಮ ದೇಶದ ಮಾನಕ ಇದೆ, ಐಎಸ್ 15809. ಅಲ್ಲಿಯ ಕಟ್ಟುನಿಟ್ಟು ಇಲ್ಲೂ ಬೇಕು ಎಂಬುದು ನನ್ನ ಹಠ.

ಹೊಸ ಬಟ್ಟೆಯ ತುಂಡೊಂದನ್ನು ಸ್ಟೀಲ್ ಡಬ್ಬಿಯಲ್ಲಿ ಕತ್ತಲಲ್ಲಿ ಇಟ್ಟಿದ್ದೇನೆ. ಬೇಸಿಗೆಯಿಡೀ ಬಿಸಿಲು ಕಂಡ ಜಾಕೆಟನ್ನು ಅದರ ಪಕ್ಕ ಹಿಡಿದರೆ ವ್ಯತ್ಯಾಸ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಭುಜದ ಮೇಲೆ ಮೊದಲು ಬಣ್ಣ ಹೋಗುತ್ತದೆ.

ಯಾವ ಬಣ್ಣ ಎಂಬುದೂ ಮುಖ್ಯ. ನಮ್ಮ ಜೆಸಿಬಿ, ರೋಲರ್ ಎಲ್ಲ ಹಳದಿ. ಅವುಗಳ ಹತ್ತಿರ ಹಳದಿ ಜಾಕೆಟ್ ಹಾಕಿದವನು ಯಂತ್ರದಲ್ಲೇ ಸೇರಿಹೋಗುತ್ತಾನೆ. ಅಲ್ಲಿ ಕಿತ್ತಳೆ ಕೊಡುತ್ತೇನೆ. ಕೆಂಪು ಗರಸು ಅಗೆಯುವ ಕಡೆ ಹಳದಿ. ರೈಲ್ವೆ ಹಳಿ ಮೇಲೆ ಕೆಲಸ ಮಾಡುವವರ ಕಿತ್ತಳೆ ಜಾಕೆಟ್ ನಮ್ಮ ಊರಲ್ಲಿ ಎಲ್ಲರೂ ನೋಡಿರುತ್ತೀರಿ. ಇಂಥ ಜಾಕೆಟ್‌ಗಳ ಪ್ರಯೋಗ ಶುರುವಾದದ್ದೂ ರೈಲು ಹಳಿಯ ಮೇಲೆಯೇ, 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅದರ ಬಣ್ಣವೂ ಕಿತ್ತಳೆಯೇ.

ಜೂನ್, ಜುಲೈ: ಒಗೆತ, ಮಳೆ, ಪಗಾರ

ಹಾಳೆಯಲ್ಲಿ ಒಗೆತದ ಲೆಕ್ಕ ತುಂಬುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಪಟ್ಟಿ ಹಾಳಾಗುವುದು ರಸ್ತೆಯಲ್ಲಿ ಕಡಿಮೆ, ಒಗೆಯುವ ಕಲ್ಲಿನ ಮೇಲೆ ಜಾಸ್ತಿ. ಬ್ರಷ್ ಹಾಕಿ ತಿಕ್ಕಿದರೆ, ಕಲ್ಲಿಗೆ ಬಡಿದರೆ ಗಾಜಿನ ಮಣಿ ಉದುರುತ್ತದೆ. ಜಾಕೆಟ್‌ನ ಲೇಬಲ್‌ನಲ್ಲಿ 25 ಅಥವಾ 50 ಒಗೆತ ಎಂದು ಬರೆದಿರುವುದು ಸರಿಯಾಗಿ ಒಗೆದರೆ ಮಾತ್ರ. ಈಗ ಕ್ಯಾಂಪ್‌ನಲ್ಲೇ ಎರಡು ದೊಡ್ಡ ಬಕೆಟ್ ಇಟ್ಟಿದ್ದೇವೆ. ನೆನೆಸಿ, ಮೆತ್ತಗೆ ಹಿಂಡದೆ ಎತ್ತಿ, ನೆರಳಲ್ಲಿ ಒಣಹಾಕುವುದು. ಬ್ಲೀಚ್ ಇಲ್ಲ, ಇಸ್ತ್ರಿ ಇಲ್ಲ. ಒಗೆದವರೇ ನಂಬರ್ ಹೇಳುತ್ತಾರೆ, ನಾನು ಹಾಳೆಗೆ ಏರಿಸುತ್ತೇನೆ.

ಮಳೆಯಲ್ಲಿ ಮಣಿಯ ಪಟ್ಟಿಯ ಹೊಳಪು ಇಳಿಯುತ್ತದೆ. ಮಣಿಗಳ ಮೇಲೆ ನೀರು ನಿಂತರೆ ಬೆಳಕು ಸರಿಯಾಗಿ ಬಾಗುವುದಿಲ್ಲ. ಅದಕ್ಕೆ ಈಗ ಒದ್ದೆ ಪರೀಕ್ಷೆಯನ್ನೂ ಸೇರಿಸಿದ್ದೇನೆ. ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಅದೇ ಕಾರ್ಡಿನ ಪಕ್ಕ ನೋಡುವುದು. ಎರಿ ಮಣ್ಣಿನ ಕೆಸರು ಇನ್ನೂ ಕಷ್ಟ. ಒಮ್ಮೆ ಒಣಗಿದರೆ ಉಜ್ಜದೆ ಹೋಗುವುದೇ ಇಲ್ಲ. ಕೆಲಸ ಬಿಟ್ಟ ಕೂಡಲೇ ನೀರು ಹಾಯಿಸುವುದೊಂದೇ ದಾರಿ.

ಎಲ್ಲಕ್ಕಿಂತ ದೊಡ್ಡ ತೊಡಕು ಬಟ್ಟೆಯದ್ದಲ್ಲ. ಪರೀಕ್ಷೆ ಅಂದರೆ ಜನ ಜಾಕೆಟ್ ಅಡಗಿಸುತ್ತಿದ್ದರು. ಹಿಂದೆ ಬೇರೆ ಕಡೆ ದುಡಿದು ಬಂದ ಗೌಂಡಿಯೊಬ್ಬರು ಕಾರಣ ಹೇಳಿದರು: “ಹರದದ್ದು ತೋರ್ಸಿದ್ರ ಪಗಾರದಾಗ ಮುರ್ಕೋತಾರ್ರಿ ಸರ. ಅದಕ್ಕ ಯಾರೂ ತೋರ್ಸಂಗಿಲ್ಲ.” ಈ ಭಯ ಇರುವ ತನಕ ಯಾವ ಕ್ಯೂಆರ್ ಕೋಡೂ ಉಪಯೋಗವಿಲ್ಲ. ಇಂಜಿನಿಯರ್ ಜೊತೆ ಮಾತಾಡಿ ನಿಯಮ ಮಾಡಿಸಿದೆ. ಹಳೆಯದು ಕೊಡಿ, ಹೊಸದು ತಗೊಳ್ಳಿ, ದುಡ್ಡು ಇಲ್ಲ, ಪ್ರಶ್ನೆ ಇಲ್ಲ. ಹಾಳೆಯನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಿದೆ. ಈಗ ಅದರಲ್ಲಿ ಜಾಕೆಟ್‌ನ ಚರಿತ್ರೆ ಇದೆ, ಹಾಕಿಕೊಂಡವರ ಹೆಸರಿಲ್ಲ. ಆ ಮೇಲೆ ಮೂಲೆಯಲ್ಲಿದ್ದ ಹರಕು ಜಾಕೆಟ್‌ಗಳೆಲ್ಲ ಸ್ಟೋರ್‌ಗೆ ಬರತೊಡಗಿದವು.

ತೆಗೆದುಹಾಕಿದ ಜಾಕೆಟನ್ನು ಪಟ್ಟಿಗೆ ಅಡ್ಡವಾಗಿ ಕತ್ತರಿಸಿಬಿಡುತ್ತೇನೆ. ‘ಹಗಲಿಗಾದರೂ ಆಗಲಿ’ ಎಂದು ಉಳಿಸಿದರೆ ಅದು ರಾತ್ರಿ ಪಾಳಿಗೆ ಬಂದೇ ಬರುತ್ತದೆ.

ಬಾಕಿ ಕೆಲಸ

ಹಾಕಿಕೊಂಡ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಇನ್ನೂ ಪೂರ್ತಿ ನೋಡಬೇಕು. ಹೆಗಲ ಮೇಲಿನ ವಲ್ಲಿ ಭುಜದ ಪಟ್ಟಿಯನ್ನು ಮುಚ್ಚುತ್ತದೆ. ಹೆಣ್ಣುಮಕ್ಕಳು ಸೀರೆ ಮೇಲೆ ಬಿಸಿಲಿಗೆಂದು ಗಂಡಸರ ಅಂಗಿ ಹಾಕುತ್ತಾರೆ, ಅದರ ಮೇಲೆ ಈ ದೊಗಳೆ ಜಾಕೆಟ್. ಬಗ್ಗಿ ಕಡಿ ತುಂಬುವಾಗ ಅದು ಮುಂದೆ ಜೋತುಬಿದ್ದು ಬುಟ್ಟಿಗೆ ಸಿಗುತ್ತದೆ. ಅದಕ್ಕೇ ಅವರು ತೆಗೆದಿಡುವುದು. ಬೈದು ಹಾಕಿಸುವುದಕ್ಕಿಂತ ಅಳತೆ ಸರಿಮಾಡುವುದು ಮೇಲು. ಪಕ್ಕದಲ್ಲಿ ಎಲಾಸ್ಟಿಕ್, ಮುಂದೆ ಅಗಲ ವೆಲ್ಕ್ರೋ ಇರುವ ಎರಡು ಸಣ್ಣ ಅಳತೆಗಳನ್ನು ಟೇಲರ್‌ಗೆ ಹೇಳಿದ್ದೇನೆ. ಪಟ್ಟಿ ಸುತ್ತಲೂ ತುಂಡಾಗದೆ ಬರಬೇಕು ಎಂದು ಬಟ್ಟೆಯ ಮೇಲೆ ಗೆರೆ ಹಾಕಿ ಕೊಟ್ಟಿದ್ದೇನೆ. ಅವು ಬಂದ ಮೇಲೆ ಬಗ್ಗಿ, ಕೂತು, ಬುಟ್ಟಿ ಹೊತ್ತು ನೋಡಿ ಅವರೇ ಹೇಳಲಿ. ಆಮೇಲೆ ಬಾಕಿಯವಕ್ಕೆ ಆರ್ಡರ್.