ಸರತಿ ಬೆಳೆಯುವ ಮುನ್ನವೇ ನಿರಾಕರಿಸುವ ಸರ್ವರ್

ರಿಕ್ವೆಸ್ಟ್‌ಗಳ (ಬಳಕೆದಾರರ ಕೋರಿಕೆಗಳ) ಹೊರೆ ಹೆಚ್ಚಾದಾಗ ಅವು ಕಾಯುವ ಸರತಿಯನ್ನು ಉದ್ದ ಮಾಡಿದರೆ ಸರ್ವರ್ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಅನೇಕ ಸಂಸ್ಥೆಗಳಲ್ಲಿದೆ. ನಾನು ಇದನ್ನು ಒಪ್ಪುವುದಿಲ್ಲ. ರಿಕ್ವೆಸ್ಟ್ ಕಳಿಸುವ ಕ್ಲೈಂಟ್‌ನ ಟೈಮ್‌ಔಟ್, ಅಂದರೆ ಉತ್ತರಕ್ಕಾಗಿ ಅದು ಕಾಯುವ ಗರಿಷ್ಠ ಸಮಯ, 2 ಸೆಕೆಂಡ್ ಇದ್ದು, ಸರತಿಯಲ್ಲಿಯೇ 3 ಸೆಕೆಂಡ್ ಕಾಯಬೇಕಾಗಿ ಬಂದರೆ, ಸರ್ವರ್ ಕೈಗೆತ್ತಿಕೊಳ್ಳುವ ಪ್ರತಿಯೊಂದು ರಿಕ್ವೆಸ್ಟ್ ಕೂಡ ಆಗಲೇ ಯಾರಿಗೂ ಬೇಡವಾದದ್ದಾಗಿರುತ್ತದೆ. ಸಿಪಿಯು ಪೂರ್ತಿ ದುಡಿಯುತ್ತಿರುತ್ತದೆ, ಲಾಗ್‌ನಲ್ಲಿ 200 ಎಂಬ ಯಶಸ್ಸಿನ ಸಂಕೇತವೂ ಸಾಲುಸಾಲಾಗಿ ಕಾಣುತ್ತದೆ. ಆದರೆ ಒಬ್ಬ ಬಳಕೆದಾರನಿಗೂ ಉತ್ತರ ತಲುಪಿರುವುದಿಲ್ಲ. ಇದರ ಮೇಲೆ ಪ್ರತಿ ಕ್ಲೈಂಟ್ ಮೂರು ಬಾರಿ ಮರುಪ್ರಯತ್ನಿಸಿದರೆ ಹೊರೆ ನಾಲ್ಕು ಪಟ್ಟಾಗುತ್ತದೆ.

ಸೆಕೆಂಡಿಗೆ ಇಷ್ಟೇ ರಿಕ್ವೆಸ್ಟ್ ಎಂಬ ಸ್ಥಿರ ಮಿತಿಯೂ ಇಲ್ಲಿ ಸಾಲದು. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ವ್ಯವಸ್ಥೆಯೊಳಗೆ ಸರಾಸರಿ ಇರುವ ರಿಕ್ವೆಸ್ಟ್‌ಗಳ ಸಂಖ್ಯೆಯು ಅವು ಬರುವ ವೇಗ ಮತ್ತು ಒಂದೊಂದೂ ಒಳಗೆ ಕಳೆಯುವ ಸಮಯ ಇವೆರಡರ ಗುಣಲಬ್ಧ. ಸೆಕೆಂಡಿಗೆ 200 ರಿಕ್ವೆಸ್ಟ್ ಬಂದು, ಪ್ರತಿಯೊಂದಕ್ಕೂ 50 ಮಿಲಿಸೆಕೆಂಡ್ ಹಿಡಿದರೆ ಒಳಗಿರುವುದು 10 ಮಾತ್ರ. ಡೇಟಾಬೇಸ್ ನಿಧಾನವಾಗಿ ಅದೇ ಕೆಲಸಕ್ಕೆ 500 ಮಿಲಿಸೆಕೆಂಡ್ ಬೇಕಾದಾಗ, ಹೊರಗಿನಿಂದ ಒಂದು ರಿಕ್ವೆಸ್ಟ್ ಕೂಡ ಹೆಚ್ಚಾಗದಿದ್ದರೂ ಒಳಗೆ 100 ಸೇರಿಕೊಳ್ಳಬೇಕಾಗುತ್ತದೆ. ಏಕಕಾಲಕ್ಕೆ 50 ರಿಕ್ವೆಸ್ಟ್‌ಗಳನ್ನಷ್ಟೇ ನಿರ್ವಹಿಸಬಲ್ಲ 50 ಥ್ರೆಡ್‌ಗಳ ಪೂಲ್ ಅಲ್ಲಿಗೆ ಮುಗಿಯಿತು. ಆದ್ದರಿಂದ ಮಿತಿ ಹಾಕಬೇಕಾದದ್ದು ಏಕಕಾಲಕ್ಕೆ ಒಳಗಿರುವ ರಿಕ್ವೆಸ್ಟ್‌ಗಳ ಸಂಖ್ಯೆಗೆ, ಮತ್ತು ಆ ಮಿತಿಯನ್ನು ಸರ್ವರ್ ತನ್ನ ಪ್ರತಿಕ್ರಿಯೆಯ ಸಮಯವನ್ನು ಅಳೆದು ತಾನೇ ಬದಲಿಸಿಕೊಳ್ಳುತ್ತಿರಬೇಕು.

ಈ ಉಪಾಯದ ಮೂಲ ಹಳೆಯದು. 1986ರಲ್ಲಿ ಇಂಟರ್‌ನೆಟ್ ದಟ್ಟಣೆಯಿಂದ ಕುಸಿದು, ಬರ್ಕ್‌ಲಿಯ ಒಂದು ಸಂಪರ್ಕದ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಇಳಿದ ಮೇಲೆ, ವ್ಯಾನ್ ಜೇಕಬ್‌ಸನ್ ಎಂಬ ಸಂಶೋಧಕರು ಇಂಟರ್‌ನೆಟ್‌ನಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿಗೆ ದಟ್ಟಣೆ ನಿಯಂತ್ರಣದ ವಿಧಾನವನ್ನು ರೂಪಿಸಿ 1988ರಲ್ಲಿ ಪ್ರಕಟಿಸಿದರು: ಹಾದಿ ಸುಗಮವಾಗಿರುವವರೆಗೆ ಮಿತಿಯನ್ನು ಸ್ವಲ್ಪಸ್ವಲ್ಪವೇ ಏರಿಸುವುದು, ತೊಡಕು ಕಂಡ ಕೂಡಲೇ ದೊಡ್ಡ ಪ್ರಮಾಣದಲ್ಲಿ ಇಳಿಸುವುದು. ನೆಟ್‌ಫ್ಲಿಕ್ಸ್ 2018ರಲ್ಲಿ ಇದೇ ಜಾಡಿನ ವಿಚಾರವನ್ನು ಸರ್ವರ್ ರಿಕ್ವೆಸ್ಟ್‌ಗಳಿಗೆ ಅಳವಡಿಸಿದ ತನ್ನ ಲೈಬ್ರರಿಯನ್ನು (ಸಿದ್ಧ ಕೋಡ್‌ನ ಸಂಗ್ರಹವನ್ನು) ಮುಕ್ತವಾಗಿ ಬಿಡುಗಡೆ ಮಾಡಿತು.

ಮಿತಿ ಮೀರಿದಾಗ ಯಾವ ರಿಕ್ವೆಸ್ಟನ್ನು ನಿರಾಕರಿಸಬೇಕು ಎಂಬುದನ್ನು ಮಾತ್ರ ಯಂತ್ರ ಊಹಿಸಲಾರದು. ಹಣ ಪಾವತಿಯ ರಿಕ್ವೆಸ್ಟ್ ಮೊದಲು, ವರದಿ ತಯಾರಿಸುವ ಬ್ಯಾಚ್ ಕೆಲಸ ಕೊನೆಗೆ ಎಂಬ ಆದ್ಯತೆಯನ್ನು ನಾವೇ ಬರೆದುಕೊಡಬೇಕು. ನಿರಾಕರಣೆಯು ‘ಸೇವೆ ಸದ್ಯ ಲಭ್ಯವಿಲ್ಲ’ ಎನ್ನುವ 503 ಸಂಕೇತದೊಂದಿಗೆ, ಎಷ್ಟು ಹೊತ್ತಿನ ಬಳಿಕ ಮರಳಿ ಬರಬಹುದೆಂಬ ಸೂಚನೆಯನ್ನೂ ಹೊತ್ತು ತಕ್ಷಣ ಹೋಗಬೇಕು. ಸರ್ವರ್ ಬದುಕಿದೆಯೇ ಎಂದು ಆಗಾಗ ಕೇಳುವ ಹೆಲ್ತ್ ಚೆಕ್ ರಿಕ್ವೆಸ್ಟ್‌ಗಳನ್ನು ಈ ಮಿತಿಯಿಂದ ಹೊರಗಿಡುವುದು ಅತ್ಯಗತ್ಯ. ಅವನ್ನೂ ತಿರಸ್ಕರಿಸಿದರೆ, ಸರ್ವರ್‌ಗಳಿಗೆ ಹೊರೆ ಹಂಚುವ ಲೋಡ್ ಬ್ಯಾಲೆನ್ಸರ್, ದುಡಿಯುತ್ತಿರುವ ಸರ್ವರನ್ನೇ ಸತ್ತಿದೆಯೆಂದು ಪಟ್ಟಿಯಿಂದ ತೆಗೆದುಹಾಕುತ್ತದೆ, ಅದರ ಪಾಲಿನ ಹೊರೆಯೂ ಉಳಿದ ಸರ್ವರ್‌ಗಳ ಮೇಲೆ ಬೀಳುತ್ತದೆ.