ರಸೀದಿಯಲ್ಲಿ ಹೆಸರು ಬೇಡ

ನಮ್ಮ ಹನುಮಂತನಗರದಲ್ಲಿ ಚಂದಾ ಕೇಳುವುದು ಹೊಸ ವಿಷಯವೇನಲ್ಲ. ಗಣೇಶ ಕೂರಿಸೋಕೆ ಕೇಳುತ್ತಾರೆ, ಅಣ್ಣಮ್ಮನನ್ನು ಕೂರಿಸೋಕೆ ಕೇಳುತ್ತಾರೆ, ನವೆಂಬರ್ ಬಂದರೆ ರಾಜ್ಯೋತ್ಸವದ ಆರ್ಕೆಸ್ಟ್ರಾಗೆ ಕೇಳುತ್ತಾರೆ. ರಸೀದಿ ಪುಸ್ತಕ ಹಿಡಿದ ಹುಡುಗರು ಗೇಟಿನ ಹತ್ತಿರ ಕಂಡರೆ ಸಾಕು, ಐವತ್ತೋ ನೂರೋ ಅಂತ ಲೆಕ್ಕ ಹಾಕಿಕೊಂಡೇ ಮನೆಯವರು ಬಾಗಿಲು ತೆಗೆಯುತ್ತಾರೆ. ಆದರೆ ಎಲೆಕ್ಷನ್‌ಗೆ ಚಂದಾ ಕೊಡಿ ಅಂದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಎಲೆಕ್ಷನ್ ಅಂದ್ರೆ ಅವರು ಕೊಡಬೇಕು, ನಾವು ತಗೋಬೇಕು, ಅಲ್ವಾ? ಮೊದಲನೇ ಮನೆಯಲ್ಲೇ ಒಬ್ಬ ಅಜ್ಜಿ ನಮ್ಮ ಕೈಚೀಲ ನೋಡಿ, "ಈ ಸಲ ಏನಪ್ಪಾ ಹಂಚ್ತಿದ್ದೀರಾ? ಕುಕ್ಕರ್ ಆದ್ರೆ ಬೇಡ, ಎರಡಿದೆ" ಅಂದರು.

ನಮ್ಮದು ಒಂದು ಸಣ್ಣ ಪಕ್ಷದ ವಾರ್ಡ್ ಬಳಗ. ಪಕ್ಷ ಚುನಾವಣಾ ಆಯೋಗದಲ್ಲಿ ನೋಂದಣಿ ಆಗಿದೆ, ಅಷ್ಟೇ. ಹೆಸರು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ "ಯಾವುದು?" ಅಂತಾರೆ. ಖಜಾಂಚಿ ರಿಟೈರ್ ಆದ ಲೆಕ್ಕದ ಮೇಷ್ಟ್ರು. ಜೊತೆಗೆ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ, ಅಕ್ಕಪಕ್ಕದ ರಸ್ತೆಯ ಕೆಲವು ಹೆಂಗಸರು, ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ನಾನು. ಬೆಂಗಳೂರಿನಲ್ಲಿ ಪಾಲಿಕೆಗೆ ನಾವು ವೋಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಆ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ಅಧಿಕಾರಿಗಳದ್ದೇ ರಾಜ್ಯಭಾರ. 198 ಇದ್ದ ವಾರ್ಡ್ 243 ಆಗುತ್ತೆ ಅಂದರು, 225 ಅಂದರು, ಕೊನೆಗೆ ಊರನ್ನೇ ಐದು ಪಾಲಿಕೆ ಮಾಡಿ 369 ವಾರ್ಡ್ ಅಂದರು. ವಾರ್ಡಿನ ಗಡಿ ಇಷ್ಟು ಸಲ ಓಡಾಡಿದರೂ ನಮ್ಮ ರಸ್ತೆಯ ಮೋರಿ ಮಾತ್ರ ಕಟ್ಟಿಕೊಂಡು ಅಲ್ಲೇ ಇದೆ.

ಅಂತೂ ಎಲೆಕ್ಷನ್ ಬಂದೇ ಬರುತ್ತೆ ಅನ್ನುವ ಗಾಳಿ ಬೀಸಿದ ಮೇಲೆ, ಒಂದು ಭಾನುವಾರ ಚಂದಾಗೆ ಹೊರಟೆವು. ಹೊರಡುವ ಮುಂಚೆ ಮೇಷ್ಟ್ರು ಕ್ಲಾಸ್ ತಗೊಂಡರು. ಪಕ್ಷಕ್ಕೆ ಒಬ್ಬರಿಂದ ಎರಡು ಸಾವಿರಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ, ಅದು ಕಾನೂನು. ನಾವು ಐನೂರಕ್ಕಿಂತ ಜಾಸ್ತಿ ತಗೋಬಾರದು, ಅದು ಮೇಷ್ಟ್ರ ಕಾನೂನು. "ಐವತ್ತು ಸಾವಿರ ಕೊಟ್ಟವನು ಐವತ್ತು ಸಾವಿರದಷ್ಟೇ ಮಾತಾಡ್ತಾನೆ. ನಮಗೆ ಅದೆಲ್ಲ ಬೇಡ." ಕೊಟ್ಟವರ ಹೆಸರು, ಮೊತ್ತ, ನಾವು ಮಾಡಿದ ಖರ್ಚು, ಮೂರನ್ನೂ ಆಫೀಸಿನ ಬೋರ್ಡಿನಲ್ಲಿ ಹಾಕಬೇಕು ಅಂತಲೂ ಹೇಳಿದರು. ಆಫೀಸು ಅಂದರೆ ಮೇಷ್ಟ್ರ ಮನೆಯ ಸ್ಕೂಟರ್ ನಿಲ್ಲಿಸುವ ಜಾಗ.

ಮೊದಮೊದಲು ಹುಡುಗನೇ ಮಾತಾಡುತ್ತಿದ್ದ. ಭ್ರಷ್ಟಾಚಾರ, ವ್ಯವಸ್ಥೆ, ಬದಲಾವಣೆ. ಜನ ತಲೆ ಆಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನಾನು ಮಾತು ಬದಲಿಸಿದೆ. "ಕರಪತ್ರ ಅಚ್ಚು ಹಾಕಿಸ್ಬೇಕು. ಮೈಕ್ ಕಟ್ಟೋಕೆ ಆಟೋ ಬಾಡಿಗೆಗೆ ತಗೋಬೇಕು. ಅದಕ್ಕೆ ಕೇಳ್ತಿದ್ದೀವಿ" ಅಂದೆ. ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕಣ್ಣಿಗೆ ಕಾಣುವ ಹಾಗೆ ಹೇಳಿದರೆ ಕೈ ಜೇಬಿಗೆ ಹೋಗುತ್ತದೆ. ಇನ್ನೂ ಒಂದು ನೋಡಿದೆ. ಸುಮ್ನೆ ಕೇಳಿಸಿಕೊಂಡು ಕಳಿಸಿದವರು ಎರಡು ನಿಮಿಷದಲ್ಲಿ ಕಳಿಸಿದರು. ಇಪ್ಪತ್ತು ರೂಪಾಯಿ ಕೊಟ್ಟವರು ಮಾತ್ರ ಗೇಟಿನಲ್ಲೇ ನಿಲ್ಲಿಸಿಕೊಂಡು ಕಾವೇರಿ ನೀರು, ಕಸದ ಗಾಡಿ, ಉರಿಯದ ಬೀದಿದೀಪ ಎಲ್ಲ ಒಪ್ಪಿಸಿದರು. ದುಡ್ಡು ಕೊಟ್ಟ ಮೇಲೆ ಕೇಳುವ ಹಕ್ಕು ಬಂತಲ್ಲ!

ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಟ್ಯಾಕ್ಸ್‌ನಲ್ಲಿ ಕಳೀಬಹುದಾ ಅಂತ ಕೇಳಿದ. ಮೇಷ್ಟ್ರಿಗೆ ಖುಷಿಯೋ ಖುಷಿ. ಪಕ್ಷಕ್ಕೆ ಕೊಟ್ಟ ದೇಣಿಗೆಗೆ ವಿನಾಯಿತಿ ಅಂತಿದೆ, ನಗದು ಕೊಟ್ಟರೆ ಸಿಗಲ್ಲ, ಹೊಸ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟುವವರಿಗೂ ಸಿಗಲ್ಲ ಅಂತ ಬಿಡಿಸಿ ಹೇಳಿದರು. ಅವನು ಹೊಸ ಪದ್ಧತಿಯವನೇ. ನಕ್ಕು, ಇನ್ನೂರು ರೂಪಾಯಿ ಯುಪಿಐ ಮಾಡಿದ.

ಪಕ್ಕದ ರಸ್ತೆಯ ಆಂಟಿ ಹತ್ತಿರ ಮಾತ್ರ ಬೈಸಿಕೊಂಡೆವು. ಅವರು ಕಾಫಿ ಕೊಟ್ಟು, ಅಮೆರಿಕದಲ್ಲಿರುವ ಮಗನಿಗೆ ವಿಡಿಯೋ ಕಾಲ್ ಮಾಡಿ, ಅವನೂ ಕೊಡ್ತಾನಂತೆ ಅಂದರು. ಮೇಷ್ಟ್ರು ಲೋಟ ಕೆಳಗಿಟ್ಟು, "ಪಾಸ್‌ಪೋರ್ಟ್ ಯಾವುದಮ್ಮಾ?" ಅಂದರು. ಎರಡು ವರ್ಷದ ಹಿಂದೆ ಅಲ್ಲಿಯದೇ ಆಯಿತಂತೆ. ಹಾಗಾದರೆ ಆಗಲ್ಲ. ನಮ್ಮ ಪಾಸ್‌ಪೋರ್ಟ್ ಇದ್ದವರು ಪರದೇಶದಲ್ಲಿದ್ದರೂ ಕೊಡಬಹುದು, ಬೇರೆ ದೇಶದ ಪ್ರಜೆ ಆದವರ ಹಣ ಪಕ್ಷಗಳು ತಗೊಳ್ಳುವಂತಿಲ್ಲ. "ಇದೇ ಮೋರಿಗೆ ಬಿದ್ದು ಮಂಡಿ ಕೆತ್ತಿಸ್ಕೊಂಡವನು ರೀ ನನ್ನ ಮಗ! ಅವನು ಫಾರಿನರ್ರಾ?" ಅಂತ ಆಂಟಿ ರೇಗಿದರು. ಅವರ ಮಾತೂ ಸರಿಯೇ. ಕೊನೆಗೆ ತಮ್ಮ ಪೆನ್ಷನ್ ದುಡ್ಡಿನಿಂದ ನೂರು ಕೊಟ್ಟರು, ಮುಖ ಊದಿಸಿಕೊಂಡೇ.

ಎದುರು ಮನೆಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದ ಸಾಗರದ ಕಡೆಯ ಹಿರಿಯರು. ಅವರಿಗೆ ನಾವು ಏನೂ ವಿವರಿಸಬೇಕಾಗಲಿಲ್ಲ. "1952ರಲ್ಲಿ ನಮ್ಮಪ್ಪ ಶಾಂತವೇರಿ ಗೋಪಾಲಗೌಡರಿಗೆ ಒಂದು ವೋಟು, ಒಂದು ನೋಟು, ಎರಡೂ ಕೊಟ್ಟಿದ್ರು" ಅಂದರು. ಗೇಣಿದಾರ ರೈತರ ಕಾಗೋಡು ಸತ್ಯಾಗ್ರಹ ನಡೆದ ಮಾರನೇ ವರ್ಷ ಅದು. ಕಾಸಿಲ್ಲದ ಸಮಾಜವಾದಿ ಅಭ್ಯರ್ಥಿ ಜನರ ಚಂದಾದಲ್ಲೇ ನಿಂತು ಗೆದ್ದ ಕಥೆಯನ್ನು ಅವರು ನಿನ್ನೆ ನಡೆದ ಹಾಗೆ ಹೇಳಿದರು. ಐನೂರು ರೂಪಾಯಿ ಕೊಟ್ಟು, ಇನಿಷಿಯಲ್ ಸಮೇತ ಪೂರ್ತಿ ಹೆಸರು ಬರೆಸಿದರು. "ಪಕ್ಷಗಳಿಗೆ ಹೆಸರು ಹೇಳ್ದೆ ದುಡ್ಡು ಕೊಡೋಕೆ ಚುನಾವಣಾ ಬಾಂಡ್ ಇತ್ತು, ನೋಡಿದ್ರಲ್ಲ? ಒಂದು ಸಾವಿರಕ್ಕೆ ಕಡಿಮೆ ಬಾಂಡೇ ಇರ್ಲಿಲ್ಲ, ಒಂದು ಕೋಟಿವರೆಗೂ ಇತ್ತು. ಯಾರು ಯಾರಿಗೆ ಕೊಟ್ರು ಅಂತ ಗೊತ್ತಾಗ್ಬೇಕಾದ್ರೆ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳ್ಬೇಕಾಯ್ತು. ನನ್ನ ಹೆಸರು ಬೋರ್ಡಲ್ಲಿ ದಪ್ಪಕ್ಷರದಲ್ಲಿ ಇರ್ಲಿ." ಮೇಷ್ಟ್ರು ನಮ್ಮ ಕಡೆ ತಿರುಗಿ, ನೋಡಿದ್ರಾ ಅನ್ನುವ ಹಾಗೆ ಹುಬ್ಬು ಹಾರಿಸಿದರು.

ಮಧ್ಯಾಹ್ನ ಐವತ್ತಡಿ ರಸ್ತೆಗೆ ಬಂದೆವು. ಸೊಪ್ಪಿನ ಗಾಡಿಯ ಹೆಂಗಸು ನನ್ನ ಅಂಗಡಿಗೆ ರವಿಕೆ ಹೊಲಿಸೋಕೆ ಬರುವವಳು. ದಂಟಿನ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಅವಳನ್ನು ಕೇಳುವ ಯೋಚನೆಯೇ ನಮಗಿರಲಿಲ್ಲ. ಅವಳೇ, "ಏನಕ್ಕಾ ಬರ್ಕೊಳ್ತಿರೋದು?" ಅಂದಳು. ಹೇಳಿದೆ. ಗೋಣಿಚೀಲದ ಕೆಳಗೆ ಕೈ ಹಾಕಿ, ನಾಲ್ಕಾಗಿ ಮಡಚಿದ್ದ ಐವತ್ತರ ನೋಟು ತೆಗೆದಳು. ನೋಟು ಅರ್ಧ ಒದ್ದೆ, ಒಂದು ಕೊತ್ತಂಬರಿ ಎಲೆ ಅಂಟಿಕೊಂಡಿತ್ತು. ಗಾಡಿಗೆ ಯುಪಿಐ ಡಬ್ಬಿ ಕಟ್ಟಿಕೊಂಡವಳು ನಮಗೆ ಮಾತ್ರ ನಗದು ಕೊಟ್ಟಳು. ಮೇಷ್ಟ್ರು ಪೆನ್ನು ತೆಗೆದು ಹೆಸರು ಕೇಳಿದರು.

"ಹೆಸರು ಬೇಡ ಸಾಮಿ."

"ಯಾಕಮ್ಮಾ? ನಿಮ್ಮ ದುಡ್ಡು, ನಿಮ್ಮ ಹೆಸರು. ಬೋರ್ಡಲ್ಲಿ ಹಾಕ್ತೀವಿ."

"ಅದಕ್ಕೇ ಬೇಡ. ನಿಮ್ಮ ಬೋರ್ಡು ನೀವೊಬ್ರೇ ಓದ್ತೀರಾ? ನಾಳೆ ಗಾಡಿ ಎತ್ಕೊಂಡು ಹೋದ್ರೆ?"

ಯಾರು ಎತ್ತಿಕೊಂಡು ಹೋಗುತ್ತಾರೆ ಅಂತ ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೀದಿಬದಿ ವ್ಯಾಪಾರಿಗಳಿಗೆ ಅಂತ 2014ರಲ್ಲೇ ಕಾಯ್ದೆ ಬಂದಿದೆ. ಅವಳ ಹತ್ತಿರ ಗುರುತಿನ ಚೀಟಿಯೂ ಇದೆ, ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನ ಮಾಡಿದ್ದಾಳೆ. ಚೀಟಿ ಇದ್ದರೂ ಹೆದರಿಕೆ ಹೋಗಿಲ್ಲ.

ಮೇಷ್ಟ್ರು ನೋಟು ವಾಪಸ್ ಕೊಡೋಕೆ ಹೋದರು. ಅವಳು ತಗೊಳ್ಳಲಿಲ್ಲ. ನಾನೇ ರಸೀದಿ ಪುಸ್ತಕ ಕಿತ್ತುಕೊಂಡು, ಹೆಸರಿನ ಜಾಗ ಖಾಲಿ ಬಿಟ್ಟು, ಐವತ್ತು ಅಂತ ಬರೆದು ಹರಿದು ಕೊಟ್ಟೆ.

ಸಂಜೆ ಸ್ಕೂಟರ್ ಪಕ್ಕ ಕುಳಿತು ದುಡ್ಡು ಎಣಿಸುವಾಗ ಜಗಳ ಶುರುವಾಯಿತು. "ಹೆಸರಿಲ್ಲದ ದುಡ್ಡು ತಗೊಂಡ್ರೆ ನಮಗೂ ಬಾಂಡಿನವರಿಗೂ ಏನಮ್ಮಾ ವ್ಯತ್ಯಾಸ?" ಅಂದರು ಮೇಷ್ಟ್ರು. ನನಗೂ ರೇಗಿತು. "ಬಾಂಡ್ ಕೊಟ್ಟವರು ಬಚ್ಚಿಟ್ಟುಕೊಂಡಿದ್ದು ಜನರಿಂದ ಸಾರ್. ಇವಳು ಬಚ್ಚಿಟ್ಟುಕೊಳ್ತಿರೋದು ಗಾಡಿ ಎತ್ತೋರಿಂದ. ಎರಡೂ ಒಂದೇನಾ?" ಇಪ್ಪತ್ತು ಸಾವಿರ ದಾಟಿದ ದೇಣಿಗೆಗೆ ಮಾತ್ರ ಪಕ್ಷ ಆಯೋಗಕ್ಕೆ ಹೆಸರು ಕೊಡಬೇಕು, ಅದಕ್ಕಿಂತ ಕಡಿಮೆ ಇದ್ದರೆ ಬೇಕಿಲ್ಲ. ದೊಡ್ಡ ಪಕ್ಷಗಳಿಗೆ ಅದೊಂದು ಕಳ್ಳದಾರಿ ಅಂತ ಮೇಷ್ಟ್ರು ಯಾವಾಗಲೂ ಬೈಯುತ್ತಾರೆ. ಇರಬಹುದು. ಆದರೆ ಅದೇ ನಿಯಮ ಸೊಪ್ಪಿನ ಗಾಡಿಗೆ ಮರೆಯೂ ಹೌದು ಅಂತ ನನಗೆ ಅವತ್ತು ಅನ್ನಿಸಿತು.

ಬಗೆಹರಿಸಿದ್ದು ಹುಡುಗ. ಬೋರ್ಡಿನಲ್ಲಿ ರಸೀದಿ ನಂಬರ್, ಮೊತ್ತ ಎರಡೇ ಇರಲಿ, ಬೇಕು ಅಂದವರದ್ದು ಹೆಸರೂ ಇರಲಿ ಅಂದ. ಮೇಷ್ಟ್ರು ಗೊಣಗಿಕೊಂಡೇ ಒಪ್ಪಿದರು. ಸಾಗರದ ಹಿರಿಯರ ಹೆಸರು ದಪ್ಪಕ್ಷರದಲ್ಲೇ ಬಂತು.

ಬೋರ್ಡು ಹಾಕಿದ ವಾರ ಸೊಪ್ಪಿನವಳ ಮಗ ಬಂದ. ಎಸ್ಸೆಸ್ಸೆಲ್ಸಿ ಓದುವ ಹುಡುಗ. ಅಮ್ಮ ಕಳಿಸಿದ ರಸೀದಿ ಹಿಡಿದುಕೊಂಡು ನಂಬರ್ ಹುಡುಕಿದ. ಸಿಕ್ಕಿತು. ಹೋಗುತ್ತಾನೆ ಅಂದುಕೊಂಡರೆ ಪಕ್ಕದ ಖರ್ಚಿನ ಪಟ್ಟಿಯ ಮೇಲೂ ಬೆರಳಿಟ್ಟು, ಒಂದೊಂದೇ ಸಾಲು ಓದಿ, "ಸಾರ್, ಕರಪತ್ರಕ್ಕಿಂತ ಟೀಗೇ ಜಾಸ್ತಿ ಆಗಿದ್ಯಲ್ಲಾ, ಯಾಕೆ?" ಅಂದ. ಲೆಕ್ಕದ ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಮೀಟಿಂಗ್‌ನಿಂದ ಟೀ ಫ್ಲಾಸ್ಕ್ ನಮ್ಮ ಮನೆಯಿಂದ ಬರುತ್ತಿದೆ. ಸಕ್ಕರೆ ಕಡಿಮೆ ಅಂತ ಮೇಷ್ಟ್ರ ತಕರಾರು.